ಹಗ್ಗದ ಸುರುಳಿಯ ಮೇಲೆ ಕೂತ ಗೈಡು

ಮೊನ್ನೆ ನಮ್ಮ ಕಾಲೇಜಿನ ಕ್ರೀಡಾಕೂಟದಲ್ಲಿ ಅಧ್ಯಾಪಕರಿಗೂ ಒಂದು ಹಗ್ಗಜಗ್ಗಾಟ ಇಟ್ಟಿದ್ದರು. ಕಲಾ ವಿಭಾಗ ಒಂದು ಕಡೆ, ವಿಜ್ಞಾನ ವಿಭಾಗ ಇನ್ನೊಂದು ಕಡೆ. ಕನ್ನಡದ ನನ್ನನ್ನು ಚಪ್ಪಾಳೆ ತಟ್ಟಲು ನೇಮಿಸಿದ್ದರು. ಶಾಮಿಯಾನದಡಿ ಕುರ್ಚಿಯಲ್ಲಿ ಕೂತು ಆ ಕರ್ತವ್ಯವನ್ನು ಸಾಕಷ್ಟು ಚೆನ್ನಾಗಿಯೇ ಮಾಡುತ್ತಿದ್ದೆ. ಅಷ್ಟರಲ್ಲಿ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ವಿಜ್ಞಾನದವರ ಸಾಲಿನ ಕೊನೆಗೆ ಹೋಗಿ ನಿಂತು, ಹಗ್ಗದ ತುದಿಯನ್ನು ಸೊಂಟಕ್ಕೆ ಒಂದು ಸುತ್ತು ಸುತ್ತಿಕೊಂಡರು. ನಿಯಮದ ಪ್ರಕಾರ ಅದು ಸರಿಯೇ ಇರಬೇಕು. ನಾನು ಮಾತ್ರ ಕುರ್ಚಿ ಬೀಳುವ ಹಾಗೆ ಎದ್ದು ನಿಂತು, "ಹ್ವಾಯ್! ಬಳ್ಳಿ ಬಿಡಿ! ಬಿಡಿ ಅಂದೆ!" ಎಂದು ಮೈದಾನದ ಆಚೆಯ ರಸ್ತೆಗೂ ಕೇಳುವಂತೆ ಕಿರುಚಿದೆ. ಗಾಬರಿಯಾಗಿ ವಿಜ್ಞಾನದವರೆಲ್ಲ ಒಟ್ಟಿಗೆ ಹಗ್ಗ ಬಿಟ್ಟರು. ಕಲಾ ವಿಭಾಗದ ಪರವಾಗಿ ಪೂರ್ತಿ ಶಕ್ತಿ ಹಾಕಿ ಎಳೆಯುತ್ತಿದ್ದ ಪ್ರಾಂಶುಪಾಲರು ಎಳೆಯುವ ಭಂಗಿಯಲ್ಲೇ ಹಿಂದಕ್ಕೆ ಕೂತುಬಿಟ್ಟರು.

ಮಕ್ಕಳಿಗೆ ಅದು ಇಡೀ ದಿನದ ಅತ್ಯುತ್ತಮ ಕಾರ್ಯಕ್ರಮವಾಯಿತು.

ನನ್ನ ಈ ಕಾಯಿಲೆ ಹೊಸದಲ್ಲ. ಬಟ್ಟೆ ಒಣಗಿಸುವ ಹಗ್ಗ ಹರಿದು ಅಂಗಳದಲ್ಲಿ ಬಿದ್ದಿದ್ದರೆ ಯಾರೂ ದಾಟುವ ಮೊದಲೇ ಓಡಿಹೋಗಿ ಸುತ್ತಿಡುತ್ತೇನೆ. ಪಕ್ಕದ ಮನೆಯ ಹುಡುಗಿ ಸ್ಕಿಪ್ಪಿಂಗ್ ಆಡಿದರೆ ಕಿಟಕಿ ಮುಚ್ಚುತ್ತೇನೆ. ಇದಕ್ಕೆಲ್ಲ ಕಾರಣ ನವ್ಯಕಾವ್ಯ ಎಂದರೆ ನೀವು ನಂಬುವುದಿಲ್ಲ. ನಂಬಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಪುರುಸೊತ್ತಿದ್ದರೆ ಬನ್ನಿ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಕುಂದಾಪುರದ ಕೋಡಿಯಲ್ಲಿ ಕಡಲಿಗೆ ತಾಗಿಯೇ ನಮ್ಮ ಮನೆ. ಅಮ್ಮ ಮೀನು ಮಾರುತ್ತಿದ್ದಳು. ನಾನು ಬೈಂದೂರಿನ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿ. ಅದರ ಜೊತೆಗೆ ನವ್ಯಕಾವ್ಯದಲ್ಲಿ ಕಡಲಿನ ಪ್ರತಿಮೆಗಳ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೆ, ಅದರ ಜೊತೆಗೆ ಯಾರೂ ಕೇಳದಿದ್ದರೂ ಕವಿತೆ ಬರೆಯುತ್ತಿದ್ದೆ. ಇವಿಷ್ಟಕ್ಕೂ ನನಗಿದ್ದ ಬರವಣಿಗೆಯ ಮೇಜು ಎಂದರೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಎಡಗಡೆಯ ಹೆಂಗಸರ ಸೀಟು. ಬೆಳಿಗ್ಗೆ ಬೈಂದೂರಿಗೆ ಹೋಗುವಾಗ ಎಡಕ್ಕೆ ಕಡಲು ಸಿಗುತ್ತದೆ, ಹಾಗಾಗಿ ಹೋಗುವಾಗ ಕವಿತೆ. ಸಂಜೆ ಬರುವಾಗ ಅದೇ ಎಡಕ್ಕೆ ಹೊಳೆ ಮತ್ತು ಗುಡ್ಡ, ಹಾಗಾಗಿ ಬರುವಾಗ ಪ್ರಬಂಧ. ಬಹಳ ಶಿಸ್ತಿನ ವ್ಯವಸ್ಥೆ. ಆದರೆ ನಮ್ಮ ಕಡೆಯ ಡ್ರೈವರುಗಳು ಹಿಂದಿನ ಬಸ್ಸಿಗೆ ಪ್ರಯಾಣಿಕರು ಸಿಗಬಾರದೆಂದು ಬಿಡುವ ಸ್ಪೀಡಿನಲ್ಲಿ, ಮರವಂತೆಯ ತಿರುವು ದಾಟುವಷ್ಟರಲ್ಲಿ ಯಾವುದು ಯಾವ ಹಾಳೆಗೆ ಸೇರಿದ್ದು ಎಂಬುದು ಕಲಸಿಹೋಗುತ್ತಿತ್ತು.

ಹೀಗೆ ಕಲಸಿದ್ದರ ಫಲ ಬೇಗನೆ ಕಂಡಿತು. ನನ್ನ ಮಹಾಪ್ರಬಂಧದ ಎರಡನೇ ಅಧ್ಯಾಯ, "ಕಡಲು ಕನ್ನಡ ಕಾವ್ಯದ ಅಂಗಳಕ್ಕೆ ಒದ್ದೆ ಕಾಲಲ್ಲೇ ಬಂತು" ಎಂದು ಶುರುವಾಗುತ್ತಿತ್ತು. ಅದೇ ತಿಂಗಳು ಬರೆದ ನನ್ನ ಕವಿತೆ, "ಪ್ರಸ್ತುತ ಸಂಜೆಯನ್ನು ಸ್ಥೂಲವಾಗಿ ಮೂರು ಭಾಗಗಳಾಗಿ ವಿಂಗಡಿಸಬಹುದು" ಎಂದು ಶುರುವಾಗುತ್ತಿತ್ತು. ಕವಿತೆಯನ್ನು ಒಂದು ದೀಪಾವಳಿ ವಿಶೇಷಾಂಕಕ್ಕೆ ಕಳಿಸಿದೆ. ಸಂಪಾದಕರು ಸಭ್ಯರು, "ಲೇಖನ ಚೆನ್ನಾಗಿದೆ, ಆದರೆ ತೀರಾ ಚಿಕ್ಕದಾಯಿತು" ಎಂದು ಹಿಂದೆ ಕಳಿಸಿದರು. ಬ್ರಹ್ಮಾವರದ ಒಂದು ಕವಿಗೋಷ್ಠಿಯಲ್ಲಂತೂ ನಾನು ಕವಿತೆ ಓದಿ ಮುಗಿಸಿ, ಅಭ್ಯಾಸಬಲದಿಂದ ಅದರ ಅಡಿಟಿಪ್ಪಣಿಗಳನ್ನೂ ಓದತೊಡಗಿದ್ದೆ. ಸಭೆ ಬಹಳ ಗಂಭೀರವಾಗಿ ಕೇಳಿತು. ಟಿಪ್ಪಣಿಗಳಿಗೆ ಕವಿತೆಗಿಂತ ಜಾಸ್ತಿ ಚಪ್ಪಾಳೆ ಬಂತು ಎನ್ನುವುದನ್ನು ಇಲ್ಲಿ ಬರೆಯಬಾರದಿತ್ತು.

ಅಮ್ಮನಿಗೆ ನಾನು ಮಾಡುತ್ತಿರುವುದು ಏನೆಂದು ವಿವರಿಸಲು ಒಮ್ಮೆ ಪ್ರಯತ್ನಪಟ್ಟಿದ್ದೆ. ಅವಳು ಬುಟ್ಟಿ ತೊಳೆಯುತ್ತಾ ಪೂರ್ತಿ ಕೇಳಿಸಿಕೊಂಡಳು.

"ಅವ್ರ್ ಯಾರೋ ಬರೆದ್ರ್. ಅದ್ರ್ ಮೇಲೆ ನೀ ಬರುದ್. ನೀ ಬರ್ದದ್ರ್ ಮೇಲೆ ನಿನ್ ಸರ್ ಬರುದ್. ಅಲ್ದಾ?"

"ಹೌದ್."

"ಮೀನ್ ಒಂದೇ, ಮಸಾಲಿ ಮಾತ್ರ ಮೂರ್ ಸಲ ಹಾಕುದಾ ಮಾರಾಯ್ತಿ?"

ಆ ಮೂರನೇ ಮಸಾಲೆಯವರೇ ನನ್ನ ಗೈಡು, ಮೂರ್ತಿ ಸರ್. ತುಮಕೂರಿನ ಆಚೆಯ ಬಯಲುಸೀಮೆಯವರು, ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ನವ್ಯಕಾವ್ಯದ ಮುಕ್ತ ಅಂತ್ಯಗಳ ಮೇಲೆ ದಪ್ಪ ಪುಸ್ತಕ ಬರೆದವರು. ಒಳ್ಳೆಯ ಕವಿತೆ ಓದುಗನನ್ನು ಹೊಸ್ತಿಲವರೆಗೆ ಕರೆತಂದು ಅಲ್ಲೇ ಬಿಟ್ಟುಬಿಡಬೇಕು, ಒಳಗೆ ಕೂರಿಸಿ ಕಾಫಿ ಕೊಡಬಾರದು ಎನ್ನುವುದು ಅವರ ಮತ. ಮನುಷ್ಯ ಮಾತ್ರ ಹೋದವರಿಗೆಲ್ಲ ಕಾಫಿ ಕೊಡುತ್ತಿದ್ದರು.

ನನ್ನ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ವಿಸ್ತರಣೆಯ ಅರ್ಜಿಗೆ ಗೈಡಿನ ಸಹಿ ಬೇಕು. ಸಹಿ ಇಲ್ಲದಿದ್ದರೆ ಅಷ್ಟು ವರ್ಷ ಮಾಡಿದ್ದೆಲ್ಲ ರದ್ದು. ಅಂಥ ಹೊತ್ತಿನಲ್ಲಿ ಅವರು ನನ್ನ ಒಂದು ಅಧ್ಯಾಯವನ್ನೂ ಒಂದು ಕವಿತೆಯನ್ನೂ ಅಕ್ಕಪಕ್ಕ ಇಟ್ಟು ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನೋಡಮ್ಮಾ, ಇವೆರಡೂ ಒಂದನ್ನೊಂದು ತಿಂತಾ ಇವೆ. ಪ್ರಬಂಧ ಮುಗಿಯೋವರೆಗೂ ಕವಿತೆ ಬರೆಯೋದಿಲ್ಲ ಅಂತ ಒಪ್ಕೋ. ಸಹಿ ಮಾಡ್ತೀನಿ. ಇಲ್ಲಾಂದ್ರೆ ಆಗಲ್ಲ."

"ಒಂದೂ ಬರೀಬಾರ್ದಾ ಸರ್? ಸಣ್ಣದು?"

"ಹನಿಗವನ ಕೂಡ ಬೇಡ."

ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಯೋಚಿಸುವುದೇನಿತ್ತು? ಬೈಂದೂರಿನ ಕೆಲಸ ಕಾಯಂ ಆಗಬೇಕಾದರೆ ಆ ಡಿಗ್ರಿ ಬೇಕಿತ್ತು. ಆದರೆ ಬೆಳಗಿನ ಬಸ್ಸಿನಲ್ಲಿ ಎಡಕ್ಕೆ ಕಡಲು ಬಂದಾಗ ಸುಮ್ಮನೆ ಕೂರುವುದು ಹೇಗೆಂದು ನನಗೆ ನಿಜಕ್ಕೂ ತಿಳಿಯಲಿಲ್ಲ. ಎರಡು ದಿನ ಕಣ್ಣು ಮುಚ್ಚಿ ಕೂತು ನೋಡಿದೆ. ಕಂಡಕ್ಟರು ಹುಷಾರಿಲ್ಲವಾ ಎಂದು ಕೇಳಿದ.

ಹೀಗಿರುವಾಗ ಸರ್ ಬ್ರಹ್ಮಾವರಕ್ಕೆ ಒಂದು ವಿಚಾರ ಸಂಕಿರಣಕ್ಕೆಂದು ಬಂದರು. ಕಡಲಿನ ಪ್ರತಿಮೆಗಳ ಮೇಲೆ ಅಷ್ಟೆಲ್ಲ ಬರೆದ ಅವರು ಕಡಲನ್ನು ಬಸ್ಸಿನ ಕಿಟಕಿಯಿಂದ ಮಾತ್ರ ಕಂಡವರೆಂದು ಮಾತಿನ ನಡುವೆ ಗೊತ್ತಾಯಿತು. "ನಮ್ಮನೆಗೆ ಬನ್ನಿ ಸರ್, ಹತ್ತಿರದಿಂದ ನೋಡಬಹುದು" ಎಂದೆ. ಈಗಲೂ ಆ ವಾಕ್ಯ ನೆನಪಾದರೆ ನನ್ನನ್ನೇ ಬೈದುಕೊಳ್ಳುತ್ತೇನೆ.

ಅಮ್ಮ ಆ ದಿನ ವ್ಯಾಪಾರಕ್ಕೆ ಹೋಗಲಿಲ್ಲ. ಮೀನಿನ ವಾಸನೆ ಬರಬಾರದೆಂದು ಇಡೀ ಮನೆಯನ್ನು ಫಿನಾಯಿಲ್ ಹಾಕಿ ತೊಳೆದಳು. ಸರ್ ಒಳಗೆ ಕಾಲಿಟ್ಟವರೇ ಸೀನಿದರು. ಅಮ್ಮ ಕದಳಿ ಬಾಳೆಹಣ್ಣು ಮತ್ತು ಎಳನೀರಿನ ಬೊಂಡ ಇಟ್ಟು, "ಕೂಕಣಿ ಸರ್, ನಮ್ಮಲ್ ಎಂತದೂ ಇಲ್ಲ" ಎಂದಳು. ಅವರು ಮತ್ತೆ ಸೀನಿದರು. ಕೊನೆಗೆ ಗಾಳಿಗೆಂದು ಅವರನ್ನು ಹೊರಗೆ ದಂಡೆಗೆ ಕರೆದುಕೊಂಡು ಹೋಗುವುದೇ ಕ್ಷೇಮ ಅನ್ನಿಸಿತು.

ದಂಡೆಯಲ್ಲಿ ಕೈರಂಪಣಿ ನಡೆದಿತ್ತು. ಕಾಣದವರಿಗಾಗಿ ಹೇಳುತ್ತೇನೆ: ದೋಣಿಯಲ್ಲಿ ಬಲೆಯನ್ನು ಕಡಲಿಗೆ ಕೊಂಡುಹೋಗಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಬಲೆಯ ಎರಡು ತುದಿಯ ಹಗ್ಗಗಳು, ನಮ್ಮ ಮಾತಿನಲ್ಲಿ ಬಳ್ಳಿ, ದಂಡೆಯಲ್ಲಿ. ಎರಡು ಗುಂಪು ಅವನ್ನು ಎಳೆಯುತ್ತ ಎಳೆಯುತ್ತ ಒಂದರ ಹತ್ತಿರ ಒಂದು ಬರುತ್ತದೆ. ಎಳೆದಷ್ಟೂ ಹಗ್ಗ ಹಿಂದೆ ಮರಳಿನ ಮೇಲೆ ಸುರುಳಿಯಾಗಿ ಕೂರುತ್ತದೆ. ಅದಕ್ಕೊಂದು ಕಟ್ಟಳೆ ಇದೆ: ಹಗ್ಗ ಹಿಡಿದವರಿಗೆಲ್ಲ ಮೀನಿನಲ್ಲಿ ಪಾಲು. ದಾರಿಯಲ್ಲಿ ಹೋಗುವವರು ಬಂದು ನಾಲ್ಕು ಮಾರು ಎಳೆದರೂ ಪಾಲು ಪಾಲೇ. ನಮ್ಮ ಕಡೆಯ ಹಗ್ಗದ ಮುಂದಾಳು ಅಮ್ಮನ ತಮ್ಮ, ಶೀನ ಮಾವ.

ಇದನ್ನೆಲ್ಲ ಸರ್‌ಗೆ ವಿವರಿಸಿದೆ. "ಬಹಳ ಸಾಂಕೇತಿಕವಾಗಿದೆ" ಎಂದರು. ಶೀನ ಮಾವ ತಿರುಗಿ, "ಎಂತ ಅಂದ್ರ್ ಹೆಣ್ಣೆ?" ಎಂದು ಕೇಳಿದ. "ಚಂದ ಇತ್ತ್ ಅಂದ್ರ್" ಎಂದೆ. "ಹಂಗಾರೆ ಒಂದ್ ಕೈ ಹಿಡುಕ್ ಹೇಳ್" ಎಂದ. ಸರ್ ನಯವಾಗಿ ನಿರಾಕರಿಸಿದರು. ಚೀಲದಿಂದ ನನ್ನ ಅಧ್ಯಾಯ ತೆಗೆದು, ಬಂದದ್ದೇ ಆಯಿತು, ಇಲ್ಲೇ ಸ್ವಲ್ಪ ತಿದ್ದಿಬಿಡೋಣ ಎಂದರು. ನಾನು ರಸ್ತೆಯ ಬದಿಯ ಗೂಡಂಗಡಿಯಿಂದ ಚಹಾ ತರಲು ಹೋದೆ.

ನವರಾತ್ರಿಗೆ ಮುಂಚಿನ ದಿನಗಳು. ಮಳೆಗಾಲದ ಸಿಟ್ಟು ಕಡಲಿಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಎರಡು ಗ್ಲಾಸು ಹಿಡಿದು ತೆಂಗಿನ ಮರಗಳ ಮಧ್ಯೆ ಇಳಿಯುತ್ತಿದ್ದೆ. ಅಲ್ಲಿಂದ ಕಂಡದ್ದು ಇಷ್ಟು: ಎಳೆಯುವವರೆಲ್ಲ ನನಗೆ ಬೆನ್ನು ಹಾಕಿ ಕಡಲಿನ ಕಡೆ ಮುಖ ಮಾಡಿದ್ದಾರೆ. ಅವರ ಹಿಂದೆ ಹಗ್ಗದ ಸುರುಳಿ. ಆ ಸುರುಳಿಯ ಮೇಲೆ, ಬೆತ್ತದ ಕುರ್ಚಿಯ ಮೇಲೆ ಕೂತಂತೆ ಆರಾಮಾಗಿ, ಎರಡೂ ಕಾಲನ್ನು ಸುರುಳಿಯ ಹೊಟ್ಟೆಯೊಳಗೆ ಇಳಿಬಿಟ್ಟು, ಮೂರ್ತಿ ಸರ್. ತೊಡೆಯ ಮೇಲೆ ನನ್ನ ಅಧ್ಯಾಯ. ಕೈಯಲ್ಲಿ ಕೆಂಪು ಪೆನ್ನು.

ಕಡಲಿನ ಮಕ್ಕಳು ನಡೆಯಲು ಕಲಿಯುವ ಮೊದಲೇ ಕಲಿಯುವ ಪಾಠ ಅದು: ಸುರುಳಿಯೊಳಗೆ ಕಾಲಿಡಬಾರದು. ಹಾಗಾಗಿ ಅದನ್ನು ದೊಡ್ಡವರಿಗೆ ಯಾರೂ ಹೇಳುವುದೇ ಇಲ್ಲ.

ಕೂಗಲು ಬಾಯಿ ತೆರೆದೆ. ಅದೇ ಹೊತ್ತಿಗೆ ಬಲೆ ಒಳಸೆಳೆತಕ್ಕೆ ಸಿಕ್ಕಿತು. ಎಳೆಯುತ್ತಿದ್ದ ಸಾಲು ಒಮ್ಮೆಗೇ ಮುಂದಕ್ಕೆ ಮುಗ್ಗರಿಸಿತು. ಅಂಗೈ ಸುಟ್ಟು ಒಬ್ಬೊಬ್ಬರೇ ಕೈಬಿಟ್ಟರು. ಹಗ್ಗ ಜೀವ ಬಂದ ಹಾಗೆ ಕಡಲಿಗೆ ಓಡತೊಡಗಿತು. ಸುರುಳಿ ಮೇಲಿನಿಂದ ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತಿತ್ತು. ಸರ್ ಕೂತಲ್ಲೇ ಸಣ್ಣಗೆ ತಿರುಗಿದರು, ಯಾರೋ ಕುರ್ಚಿ ಅಲ್ಲಾಡಿಸಿದರೆ ನಾವು ತಿರುಗಿ ನೋಡುವ ಹಾಗೆ. ಮುಖದಲ್ಲಿ ಸ್ವಲ್ಪ ಅಸಮಾಧಾನವೂ ಇತ್ತು. ಆಮೇಲೆ ಅವರ ಎಡಗಾಲು ನೆಟ್ಟಗಾಯಿತು.

ಅವರು ಮರಳಿನ ಮೇಲೆ ಬೆನ್ನಡಿಯಾಗಿ, ಎಳೆಯುವವರ ಪಕ್ಕದಿಂದಲೇ, ಮೂಟೆಯ ಹಾಗೆ ಹೋದರು. ಹಾಳೆಗಳು ಹಾರಿದವು. ಒಂದು ಅಲೆ ಅವರ ಮೇಲೆ ಮಗುಚಿತು. ಬಿಳಿ ಅಂಗಿ ಕಂಡಿತು, ಕಾಣಲಿಲ್ಲ, ಕಂಡಿತು, ಕಾಣಲಿಲ್ಲ.

ನನ್ನ ಬಾಯಿಂದ ಆಗ ಹೊರಟದ್ದು ಅವರ ಎದುರು ಇಷ್ಟು ವರ್ಷ ಜೋಪಾನವಾಗಿ ಆಡಿದ್ದ ಪುಸ್ತಕದ ಕನ್ನಡವಲ್ಲ. "ಮಾವಾ! ನಮ್ ಸರ್ ಹೋದ್ರ್! ಬಳ್ಳಿ ಹಿಡಿನಿ! ಬಾಲ ಹಿಡಿನಿ!" ಎಂದು ಅರಚುತ್ತ ಓಡಿದೆ. ಸುರುಳಿಯ ಹಿಂದಿನ ತುದಿ ತೆಂಗಿನ ಬುಡಕ್ಕೆ ಕಟ್ಟಿತ್ತು. ಅವರ ಕಾಲಿನಿಂದ ಮರದವರೆಗಿನ ಆ ಬಾಲ ಬಹುಪಾಲು ಇನ್ನೂ ಮರಳಿನ ಮೇಲಿತ್ತು. ಶೀನ ಮಾವ ಅದರ ಮೇಲೆ ಬಿದ್ದ. ಅವನ ಮೇಲೆ ಉಳಿದವರು. ಅಮ್ಮ ಎಲ್ಲಿಂದ ಬಂದಳೋ, ಸೀರೆ ಎತ್ತಿಕಟ್ಟಿ ಹಿಮ್ಮಡಿ ಊರಿದಳು. ನಾನೂ ಹಿಡಿದೆ. ಹಗ್ಗ ಬಿಗಿದು ನಿಂತಿತು. ಮುಂದೆ ಕಡಲು, ಹಿಂದೆ ನಾವು, ನಡುವೆ ಒಂದು ಕಾಲು.

"ತಡ್ಕಣಿ, ಈಗ ದೊಡ್ಡದ್ ಬತ್ತ್," ಎಂದ ಮಾವ. ದೊಡ್ಡ ಅಲೆ ದಡದ ಕಡೆ ಬಂದಾಗ ಹಗ್ಗ ಒಮ್ಮೆ ಸಡಿಲವಾಯಿತು. ಅವನು ನೀರಿಗೆ ಹಾರಿದ. ಮುಂದಿನ ಅಲೆ ಬರುವಷ್ಟರಲ್ಲಿ ಕಾಲಿನ ಸುತ್ತು ಬಿಡಿಸಿ, ಸರ್ ಅವರನ್ನು ಕಂಕುಳಲ್ಲಿ ಹಿಡಿದು ತಂದು ನಮ್ಮ ಕಾಲ ಬಳಿ ಹಾಕಿದ.

ಒಂದು ಕ್ಷಣ ಏನೂ ಇಲ್ಲ. ಆ ಕ್ಷಣವನ್ನು ನಾನು ಈಗಲೂ ದಾಟಿಲ್ಲ, ಅದನ್ನೇ ಹೇಳಹೊರಟಿದ್ದೇನೆ. ಅವರ ತುಟಿ ನೀಲಿಯಾಗಿತ್ತು. ಕೈಯಲ್ಲಿ ಪೆನ್ನು ಹಾಗೇ ಇತ್ತು. ಮಾವ ಅವರನ್ನು ಬೋರಲು ತಿರುಗಿಸಿ ಬೆನ್ನಿಗೆ ಬಡಿದ. ಆಗ ಕೆಮ್ಮಿದರು.

ಎದ್ದು ಕೂತವರೇ, "ಅಧ್ಯಾಯ?" ಎಂದರು.

ಅಧ್ಯಾಯ ಅಲೆಯ ಮೇಲೆ ಹಾಳೆ ಹಾಳೆಯಾಗಿ ತೇಲುತ್ತಿತ್ತು. ಅಮ್ಮ ಅದನ್ನು ನೋಡಿ, ಅಳುತ್ತಿದ್ದವಳು ಅಳುತ್ತಲೇ, "ಹೋಯ್ಲಿ ಬಿಡಿ ಸರ್, ಮೀನಾದ್ರೂ ಓದ್ಲಿ" ಎಂದಳು.

ಬಲೆ ಕೊನೆಗೂ ಬಂತು. ಮೀನು ಹೆಚ್ಚಿರಲಿಲ್ಲ. ಪಾಲು ಹಾಕುವಾಗ ಶೀನ ಮಾವ ಉಪ್ಪಳಿಗೆ ಎಲೆಯಲ್ಲಿ ಒಂದಿಷ್ಟು ಬಂಗುಡೆ ಇಟ್ಟು, ಕಂಬಳಿ ಹೊದ್ದು ನಡುಗುತ್ತಿದ್ದ ಸರ್ ಅವರ ಮುಂದೆ ಹಿಡಿದ.

"ಅಯ್ಯೋ, ನಾನು ಮೀನು ತಿನ್ನಲ್ಲಪ್ಪ."

"ತಿಂಬುದ್ ಬಿಡುದ್ ನಿಮ್ ಇಷ್ಟ ಮಾರಾಯ್ರೆ. ಪಾಲ್ ಪಾಲೇ. ಇವತ್ತ್ ಬಳ್ಳಿ ನಿಮ್ಮಷ್ಟ್ ಗಟ್ಟಿ ಯಾರ್ ಹಿಡ್ಕಂಡಿರ್ ಹೇಳಿ?"

ಸುತ್ತ ನಿಂತವರೆಲ್ಲ ನಕ್ಕರು. ಸರ್ ಕೂಡ ನಗಲು ಹೋಗಿ ಕೆಮ್ಮಿದರು. ಮತ್ತೆ ಎರಡೂ ಕೈ ಚಾಚಿ, ಪ್ರಸಾದ ತೆಗೆದುಕೊಳ್ಳುವವರ ಹಾಗೆ ಆ ಎಲೆಯನ್ನು ತೆಗೆದುಕೊಂಡರು. ಬಹಳ ಹೊತ್ತು ಹಿಡಿದೇ ಕೂತಿದ್ದರು. ಯಾರಿಗೆ ಕೊಡಬೇಕೆಂದು ತಿಳಿಯದೆ ಕೊನೆಗೆ ಅಮ್ಮನಿಗೆ ಕೊಟ್ಟರು. ಅವಳ ಪಾಲು, ನನ್ನ ಪಾಲು, ಅವರ ಪಾಲು ಎಲ್ಲ ಸೇರಿ ನಮ್ಮ ಮನೆಯ ಫಿನಾಯಿಲ್ ವಾಸನೆ ಆ ದಿನವೇ ಹೋಯಿತು.

ತಮಾಷೆಯಾಗಿ ಬರೆಯುತ್ತಿದ್ದೇನೆ. ಆ ವಾರಗಳಲ್ಲಿ ತಮಾಷೆಯಾಗಿರಲಿಲ್ಲ. ಕಣ್ಣು ಮುಚ್ಚಿದರೆ ಹಗ್ಗ ಓಡುತ್ತಿತ್ತು. ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದರೆ ಬೆನ್ನ ಹಿಂದೆ ಯಾರದ್ದೋ ಕಾಲು ನೆಟ್ಟಗಾಗುತ್ತಿತ್ತು. ಬಸ್ಸಿನಲ್ಲಿ ಎಡಗಡೆ ಬಿಟ್ಟು ನಿಂತೇ ಹೋಗತೊಡಗಿದೆ. ಹಾಗೆ ನಿಂತಿದ್ದಾಗಲೇ ಒಂದು ದಿನ, ಬೇಡ ಬೇಡ ಎನ್ನುತ್ತಲೇ, ಟಿಕೆಟ್ಟಿನ ಹಿಂದೆ ಕೆಲವು ಸಾಲು ಬಂದವು. ಮನೆಗೆ ಹೋಗಿ ಬಿಡಿಸಿ ಬರೆದೆ. ಅಡಿಟಿಪ್ಪಣಿ ಹಾಕುವ ಮನಸ್ಸಾಗಲಿಲ್ಲ.

ವಿಸ್ತರಣೆಯ ಅರ್ಜಿ ಹಿಡಿದು ವಿಶ್ವವಿದ್ಯಾಲಯಕ್ಕೆ ಹೋದಾಗ ಸರ್ ಸ್ವಲ್ಪ ಕುಂಟುತ್ತಿದ್ದರು. ಹೊಸ ಕನ್ನಡಕ. ನಾನು ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಹೋಗಿದ್ದೆ: ಷರತ್ತು ಒಪ್ಪುವುದು, ಇಂಥ ಮನುಷ್ಯನ ಹತ್ತಿರ ಇನ್ನು ವಾದ ಮಾಡುವುದಿಲ್ಲ.

"ಒಪ್ಪಿದೆ ಸರ್. ಇನ್ನು ಬರೆಯೋದಿಲ್ಲ."

"ಒಳ್ಳೇದು. ಈ ಮಧ್ಯೆ ಏನೂ ಬರೀಲಿಲ್ಲ ತಾನೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಅವರು ನಿಟ್ಟುಸಿರು ಬಿಟ್ಟು ಓದಿದರು.

ಬಳ್ಳಿ ಸುತ್ತಿ ಮಲಗಿತ್ತು
ನಿದ್ದೆಹೋದ ಪ್ರಶ್ನೆಯ ಹಾಗೆ.
ಅದರ ನಡುವೆ ಕೂತು ಒಬ್ಬರು
ಉತ್ತರ ತಿದ್ದುತ್ತಿದ್ದರು.
ಕಡಲು ಎಳೆಯಿತು.

ಓದಿ ಹಾಳೆಯನ್ನು ತಿರುಗಿಸಿದರು. ಹಿಂದೆ ಖಾಲಿ.

"ಆಮೇಲೆ?"

"ಆಮೇಲೆ ಇಲ್ಲ ಸರ್. ಅಷ್ಟೇ."

"ಅಷ್ಟೇ ಅಂದ್ರೆ? ನಾನು?"

"ಅಂತ್ಯ ಮುಕ್ತವಾಗಿದೆ ಸರ್."

"ಮುಕ್ತ ಅಂತ್ಯ ಓದುಗನಿಗಮ್ಮಾ, ಮುಳುಗಿದವನಿಗಲ್ಲ!" ಎಂದು ಅವರು ಎದ್ದೇ ಬಿಟ್ಟರು. ಜೀವನದಲ್ಲಿ ಮೊದಲ ಸಲ ಅವರು ದನಿ ಏರಿಸಿದ್ದು ಕೇಳಿದೆ. "ನಮ್ಮ ಮನೆಯವರು ಓದಿದರೆ ಏನು ತಿಳ್ಕೋತಾರೆ? ಇದನ್ನ ಹೀಗೇ ಬಿಡ್ತೀಯಾ? ದಡಕ್ಕೆ ಹಾಕು ನನ್ನ!"

"ಆಗ್ತಾ ಇಲ್ಲ ಸರ್," ಎಂದೆ. ಆಡಿದ ಮೇಲೆ ಗೊತ್ತಾಯಿತು, ಅದುವರೆಗೆ ಯಾರಿಗೂ ಹೇಳಿರಲಿಲ್ಲ. "ಎಷ್ಟು ಬರೆದರೂ ಅಲ್ಲಿಗೇ ನಿಲ್ತದೆ. ಕಣ್ಣು ಮುಚ್ಚಿದರೂ ಅಲ್ಲಿಗೇ. ನೀವು ಮೇಲೆ ಬರೋದೇ ಇಲ್ಲ."

ಅಷ್ಟು ಹೇಳಿ ಅತ್ತುಬಿಟ್ಟೆ. ಅವರು ಕುರ್ಚಿ ಎಳೆದು ನನ್ನೆದುರು ಕೂತು, ಪ್ಯಾಂಟಿನ ಎಡಗಾಲನ್ನು ಮಡಚಿ ಮೇಲೆ ಮಾಡಿದರು. ಪಾದದ ಗಂಟಿನ ಸುತ್ತ ಹಗ್ಗ ಕೊರೆದ ಗುರುತು, ಹೊಸ ಚರ್ಮ ಬಂದು ತಿಳಿಗುಲಾಬಿಯಾಗಿತ್ತು.

"ಸರಿಯಾಗಿ ನೋಡು," ಎಂದರು. "ಬಂದಿದೆ ಮೇಲೆ. ಇಲ್ಲೇ ಇದೆ. ಈಗ ಬರಿ."

ಪೆನ್ನು ಕೊಟ್ಟರು. ಬರೆದೆ. 'ಆಮೇಲೆ ಕೆಮ್ಮಿ ಎದ್ದು ಕೂತರು' ಎಂದು ಅಷ್ಟೇ ಬಂತು. ಪ್ರತಿಮೆ ಇಲ್ಲ, ಲಯ ಇಲ್ಲ, ಪಂಚಾಯ್ತಿಯ ಮಹಜರಿನ ಹಾಗಿತ್ತು. ಅವರು ಹಾಳೆ ತೆಗೆದುಕೊಂಡು ಎರಡು ಸಲ ಓದಿದರು.

"ಕವಿತೆಯ ದೃಷ್ಟಿಯಿಂದ ಇದು ತೀರಾ ಕೆಟ್ಟ ಸಾಲು."

"ಗೊತ್ತು ಸರ್."

"ಒಂದಕ್ಷರ ಬದಲಾಯಿಸಬೇಡ."

ಹಾಗೆಂದು ಅರ್ಜಿಯನ್ನು ಹತ್ತಿರ ಎಳೆದುಕೊಂಡು ಸಹಿ ಮಾಡತೊಡಗಿದರು. ನಾನು ಕಣ್ಣೊರೆಸಿಕೊಂಡು, "ಮತ್ತೆ ಆ ಷರತ್ತು ಸರ್?" ಎಂದು ನೆನಪಿಸಿದೆ. ಮಾತು ಕೊಟ್ಟಾಗಿತ್ತಲ್ಲ.

"ಯಾವ ಷರತ್ತು?" ಎಂದರು, ತಲೆ ಎತ್ತದೆ. "ನೀನು ಬರೀದೆ ಇದ್ದಿದ್ರೆ ನಾನಿನ್ನೂ ಅಲ್ಲೇ ಇರ್ತಿದ್ದೆನಲ್ಲಮ್ಮಾ."